ಚೀಲದ ತಳಕ್ಕೂ ಚುಚ್ಚಿ ನೋಡಿ: ಅಮೆರಿಕದ ಪ್ರೈಮರಿ ಸಮೀಕ್ಷೆಗಳನ್ನು ಓದುವ ಬಗೆ

2012ರ ಫೆಬ್ರುವರಿಯ ಒಂದು ಸಂಜೆ. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿದ್ದಾಗಲೇ ಮನೆಯ ಫೋನು ಹೊಡೆದುಕೊಂಡಿತು. ನನ್ನ ಹೆಂಡತಿ ಒಂದು ಕೈಯಲ್ಲಿ ಸೌಟು ಹಿಡಿದೇ ಇನ್ನೊಂದು ಕೈಯಲ್ಲಿ ಎತ್ತಿಕೊಂಡಳು. ಆ ಕಡೆಯ ಹುಡುಗ, ರಿಪಬ್ಲಿಕನ್ ಪಕ್ಷದ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ) ಇವತ್ತೇ ನಡೆದರೆ ನಿಮ್ಮ ಮತ ಯಾರಿಗೆ ಎಂದು ಕೇಳಿ ನಾಲ್ಕು ಹೆಸರು ಓದಿದ. "ನಾಲ್ವರೂ ಬೇಡ" ಎಂದಳು. ಹುಡುಗ ಬಿಡಲಿಲ್ಲ, ಒಬ್ಬರನ್ನು ಆರಿಸಲೇಬೇಕೆಂದರೆ ಯಾರು ಎಂದ. ಸಾಸಿವೆ ಸೀದು ವಾಸನೆ ಬರುತ್ತಿತ್ತು. ಕಿವಿಗೆ ಕೊನೆಯದಾಗಿ ಬಿದ್ದ ಹೆಸರನ್ನೇ ಹೇಳಿ ಫೋನಿಟ್ಟಳು. ಮೂರು ದಿನ ಬಿಟ್ಟು ನಾವಿರುವ ಮಿಷಿಗನ್ ರಾಜ್ಯದಲ್ಲಿ ರಿಕ್ ಸ್ಯಾಂಟೊರಮ್ ಮುಂದಿದ್ದಾರೆ ಎಂದು ಟಿ.ವಿ.ಯಲ್ಲಿ ಬಂದಾಗ, "ಅದರಲ್ಲಿ ನನ್ನದೂ ಒಂದು ಪಾಲಿದೆ" ಎಂದು ನಕ್ಕಳು.

ನಾನು ಡೆಟ್ರಾಯಿಟ್ ಸುತ್ತಲಿನ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡಿ ನಿವೃತ್ತನಾದವನು. ಹತ್ತು ಸಾವಿರ ಬೋಲ್ಟುಗಳ ರಾಶಿಯಿಂದ ನೂರು ಹೆಕ್ಕಿ, ಅಳೆದು, ಇಡೀ ರಾಶಿಯ ಹಣೆಬರಹ ಹೇಳುವುದೇ ನನ್ನ ಕಸುಬು. ಅದಕ್ಕೂ ಮೊದಲು ಆ ವಿದ್ಯೆಯನ್ನು ಕಂಡದ್ದು ದಾವಣಗೆರೆಯ ಮಂಡಿಯಲ್ಲಿ. ಅಪ್ಪ ಅಲ್ಲಿ ಗುಮಾಸ್ತರಾಗಿದ್ದರು. ಜೋಳದ ಚೀಲ ಬಂದರೆ ಮೊನೆಯುಳ್ಳ ಕಬ್ಬಿಣದ ಕೊಳವೆಯನ್ನು ಬಾಯಿಗೊಮ್ಮೆ, ನಡುವಿಗೊಮ್ಮೆ, ತಳಕ್ಕೊಮ್ಮೆ ಚುಚ್ಚಿ ಕಾಳು ತೆಗೆದು ಅಂಗೈ ಮೇಲೆ ಹರಡುತ್ತಿದ್ದರು. ಬಾಯಲ್ಲಿ ಒಳ್ಳೆಯ ಕಾಳು ತುಂಬಿ ತಳದಲ್ಲಿ ಹುಳುಕು ಸೇರಿಸುವುದು ಹಳೆಯ ಚಾಳಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುತ್ತಾರಲ್ಲ, ಆ ಮಾತು ಸಮನಾಗಿ ಬೆಂದ ಅನ್ನಕ್ಕೆ ಮಾತ್ರ ಸಲ್ಲುತ್ತದೆ. ಪ್ರೈಮರಿ ಎಂಬ ಪಾತ್ರೆಯಲ್ಲಿ ತಳ ಸೀದಿರುತ್ತದೆ, ಮೇಲೆ ಅಕ್ಕಿ ಹಾಗೇ ಇರುತ್ತದೆ.

ನಾಲ್ಕು ವರ್ಷಕ್ಕೊಮ್ಮೆ ದಾವಣಗೆರೆಯಿಂದ ತಮ್ಮನ ಮಗ ಫೋನು ಮಾಡುತ್ತಾನೆ. "ದೊಡ್ಡಪ್ಪ, ಸಮೀಕ್ಷೆಯಲ್ಲಿ ಇಂಥವರು ಏಳು ಅಂಶ ಮುಂದಿದ್ದಾರಂತೆ, ಗೆದ್ದಂತೆಯೇ ಅಲ್ಲವೇ?" ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಒಂದು ನೋಟ್ ಪುಸ್ತಕ ಮತ್ತು ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ ಏಕೆ ಬೇಡ ಎಂಬುದು ಕೊನೆಗೆ ಗೊತ್ತಾಗುತ್ತದೆ.

ಮೊದಲು ರಾಷ್ಟ್ರಮಟ್ಟದ ಅಂಕಿಯನ್ನು ಪಕ್ಕಕ್ಕಿಡಿ

ನಮ್ಮಲ್ಲಿ ಬಿ ಫಾರಂ ಯಾರಿಗೆ ಎಂಬುದನ್ನು ದೆಹಲಿಯಲ್ಲಿ ಕೂತವರು ತೀರ್ಮಾನಿಸುತ್ತಾರೆ. ಇಲ್ಲಿ ಬಿ ಫಾರಂ ಕೊಡುವುದಕ್ಕೇ ಒಂದು ಚುನಾವಣೆ. ಅದೂ ಒಂದೇ ದಿನ ನಡೆಯುವುದಿಲ್ಲ, ಚಳಿಗಾಲದಲ್ಲಿ ಶುರುವಾಗಿ ರಾಜ್ಯ ರಾಜ್ಯ ಸುತ್ತಿ ಜೂನ್‌ವರೆಗೆ ಎಳೆಯುತ್ತದೆ. ಗೆದ್ದವರಿಗೆ ಸಿಗುವುದು ಡೆಲಿಗೇಟುಗಳು, ಅಂದರೆ ಪಕ್ಷದ ಮಹಾಧಿವೇಶನದಲ್ಲಿ ಕೈ ಎತ್ತುವ ಪ್ರತಿನಿಧಿಗಳು. ಇಡೀ ದೇಶ ಒಟ್ಟಿಗೆ ಮತ ಹಾಕುವ ಪ್ರೈಮರಿ ಎಂಬುದೇ ಇಲ್ಲದಿರುವಾಗ, ಇಡೀ ದೇಶವನ್ನು ಕೇಳಿ ತೆಗೆದ ಅಂಕಿ ಯಾವ ಚುನಾವಣೆಯದು? ಮೊದಲ ರಾಜ್ಯ ಮತ ಹಾಕುವವರೆಗೆ ಅದು ಬಹುಮಟ್ಟಿಗೆ ಹೆಸರಿನ ಪರಿಚಯದ ಅಳತೆ.

ಪರಿಚಯದ ಮಾತು ಬಂದಾಗ ನಮ್ಮ ಕಡೆಯವರೇ ಒಬ್ಬರ ನೆನಪಾಗುತ್ತದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿಗೆ ನಿಂತರು. ಸ್ವಂತ ಹಣ ಸುರಿದು ಟಿ.ವಿ. ಜಾಹೀರಾತು ಕೊಟ್ಟರು. ಬೇರೆ ಅಭ್ಯರ್ಥಿಗಳ ಮುಖವೇ ಜನರಿಗೆ ಗೊತ್ತಿಲ್ಲದ ಆ ತಿಂಗಳುಗಳಲ್ಲಿ ಕೆಲವು ಸಮೀಕ್ಷೆಗಳ ಮೊದಲ ಸಾಲಿಗೂ ಬಂದರು. ಆಗಸ್ಟ್‌ನಲ್ಲಿ ಎಣಿಸಿದಾಗ ಗ್ರೆಚೆನ್ ವಿಟ್ಮರ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದಿದ್ದರು. ಥಾನೇದಾರ್ ಮೂರನೆಯವರು. (ಮುಂದೆ 2022ರಲ್ಲಿ ಅವರು ಸಂಸತ್ತಿಗೆ ಆಯ್ಕೆಯಾದರು, ಅದು ಬೇರೆ ಕಥೆ.)

ಅಸಮಾಧಾನ ಎಲ್ಲಿ ಕೂತಿದೆ ಎಂದು ಹುಡುಕಿ

ಸಮೀಕ್ಷೆ ಗಡಿಯಾರದ ಲೋಲಕದಂತೆ ತೂಗಾಡುತ್ತಿದ್ದರೆ ಜನರ ಮನಸ್ಸು ದಿನಕ್ಕೊಮ್ಮೆ ಬದಲಾಗುತ್ತಿದೆ ಎಂದು ಸುದ್ದಿಯವರು ಹೇಳುತ್ತಾರೆ. ನನ್ನ ಅನುಭವ ಬೇರೆ. ಬಹಳ ಸಲ ಮನಸ್ಸು ಬದಲಾಗಿರುವುದಿಲ್ಲ. ಒಬ್ಬರು ಬೇಡ ಎಂಬುದು ಮೊದಲೇ ಗಟ್ಟಿಯಾಗಿದ್ದು, ಆ ಕೋಪ ಕೂರಲು ಜಾಗ ಹುಡುಕುತ್ತಾ ಮನೆಯಿಂದ ಮನೆಗೆ ಅಲೆಯುತ್ತಿರುತ್ತದೆ.

2012ರ ಪ್ರೈಮರಿಗೆ ಮುಂಚಿನ 2011ರ ರಿಪಬ್ಲಿಕನ್ ಪೈಪೋಟಿಯನ್ನು ನೋಡಿ. ಮಿಟ್ ರಾಮ್ನಿ ಸುಮಾರು ಕಾಲು ಭಾಗದ ಬೆಂಬಲ ಇಟ್ಟುಕೊಂಡು ಅಲುಗಾಡದೆ ಕೂತಿದ್ದರು. ಉಳಿದ ಮುಕ್ಕಾಲು ಪಾಲಿಗೆ ಅವರು ರುಚಿಸುತ್ತಿರಲಿಲ್ಲ. ಆಗಸ್ಟ್ 13ರಂದು ಅಯೋವಾದ ಏಮ್ಸ್‌ನಲ್ಲಿ ನಡೆದ ಅಣಕು ಮತದಾನದಲ್ಲಿ ಮಿಷೆಲ್ ಬಾಕ್‌ಮನ್ ಗೆದ್ದರು. ಅದೇ ದಿನ ಟೆಕ್ಸಾಸ್ ಗವರ್ನರ್ ರಿಕ್ ಪೆರಿ ಕಣಕ್ಕಿಳಿದು ಆಕೆಯ ಗಾಳಿಯನ್ನು ಕಿತ್ತುಕೊಂಡರು. ಸೆಪ್ಟೆಂಬರ್ ಅವರದ್ದು. ಅಕ್ಟೋಬರ್‌ನಲ್ಲಿ "9-9-9" ತೆರಿಗೆ ಯೋಜನೆಯ ಹರ್ಮನ್ ಕೇನ್ ಮೇಲೆ ಬಂದರು. ಅದೇ ತಿಂಗಳ 4ರಂದು ನ್ಯೂಜೆರ್ಸಿ ಗವರ್ನರ್ ಕ್ರಿಸ್ ಕ್ರಿಸ್ಟಿ ತಾನು ನಿಲ್ಲುವುದಿಲ್ಲ ಎಂದು ಹೇಳಬೇಕಾಗಿ ಬಂತು. ಇರುವವರು ಸಾಲದು, ನೀನು ಬಾ ಎಂದು ಅಷ್ಟು ಜನ ಅವರ ಬಾಗಿಲು ತಟ್ಟುತ್ತಿದ್ದರು. ನವೆಂಬರ್ 9ರ ಚರ್ಚೆ ನಮ್ಮ ರಾಜ್ಯದ ರೋಚೆಸ್ಟರ್‌ನಲ್ಲೇ ನಡೆಯಿತು. ಮುಚ್ಚಿಹಾಕುತ್ತೇನೆ ಎಂದ ಮೂರು ಇಲಾಖೆಗಳಲ್ಲಿ ಮೂರನೆಯದರ ಹೆಸರು ಪೆರಿಗೆ ವೇದಿಕೆಯ ಮೇಲೆ ನೆನಪಾಗಲೇ ಇಲ್ಲ. ಡಿಸೆಂಬರ್ 3ರಂದು ಕೇನ್ ಪ್ರಚಾರ ನಿಲ್ಲಿಸಿದರು, ಅಷ್ಟರಲ್ಲಿ ನ್ಯೂಟ್ ಗಿಂಗ್ರಿಚ್ ಮುಂದೆ ಬಂದಾಗಿತ್ತು. ಜನವರಿಗೆ ಸ್ಯಾಂಟೊರಮ್. ಇಷ್ಟೂ ದಿನ ರಾಮ್ನಿಯ ಅಂಕಿ ಹೆಚ್ಚೇನೂ ಕದಲಲಿಲ್ಲ.

ಹಾಗಾಗಿ ನೋಟ್ ಪುಸ್ತಕದಲ್ಲಿ ಮುಂದಿರುವವರ ಹೆಸರು ಬರೆಯುವ ಮೊದಲು ಮೂರು ವಿಷಯ ಬರೆಯಿರಿ. ಕಣದಲ್ಲಿರುವವರ ಬಗ್ಗೆ ನಿಮಗೆ ಸಮಾಧಾನವಿದೆಯೇ ಎಂಬ ಪ್ರಶ್ನೆಗೆ ಬಂದ ಉತ್ತರ. ನಿಮ್ಮ ಎರಡನೆಯ ಆಯ್ಕೆ ಯಾರು ಎಂಬುದಕ್ಕೆ ಬಂದ ಉತ್ತರ. ಇನ್ನೂ ಮನಸ್ಸು ಬದಲಾಯಿಸಬಹುದು ಎಂದವರ ಪಾಲು. ಇವು ಸುದ್ದಿಯ ತಲೆಬರಹಕ್ಕೆ ಬರುವುದಿಲ್ಲ, ಸಮೀಕ್ಷೆ ಮಾಡಿದವರು ಪ್ರಕಟಿಸುವ ಪೂರ್ತಿ ಕಡತದ ಮೂರನೆಯದೋ ನಾಲ್ಕನೆಯದೋ ಪುಟದಲ್ಲಿರುತ್ತವೆ. ನನ್ನ ಹೆಂಡತಿಯ "ನಾಲ್ವರೂ ಬೇಡ" ಎಂಬ ಮಾತನ್ನು ಆ ಹುಡುಗ ಬರೆದುಕೊಂಡಿದ್ದರೆ ಸ್ಯಾಂಟೊರಮ್‌ಗೆ ಹೋದ ಆ ಒಂದು ಟಿಕ್‌ಗಿಂತ ಅದೇ ಹೆಚ್ಚು ಸತ್ಯವಾಗಿರುತ್ತಿತ್ತು.

ಲೆಕ್ಕ, ಬೆರಳೆಣಿಕೆಯಲ್ಲೇ

ಎಷ್ಟು ಜನರನ್ನು ಕೇಳಿದ್ದಾರೆ ನೋಡಿ, ಆ ಸಂಖ್ಯೆಯ ವರ್ಗಮೂಲ ತೆಗೆಯಿರಿ, ನೂರನ್ನು ಅದರಿಂದ ಭಾಗಿಸಿ. 400 ಜನ ಎಂದರೆ ವರ್ಗಮೂಲ 20, ನೂರು ಭಾಗಿಸು ಇಪ್ಪತ್ತು ಐದು. ಅಂದರೆ ಪ್ರತಿ ಅಂಕಿಯೂ ಐದು ಅಂಶ ಮೇಲೆ ಕೆಳಗೆ ಹೋಗಬಹುದು. 625 ಜನ ಎಂದರೆ ನಾಲ್ಕು. ಇಬ್ಬರ ನಡುವಿನ ಅಂತರಕ್ಕೆ ಈ ದೋಷ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಮ್ಮನ ಮಗ ಹೇಳಿದ ಆ ಏಳು ಅಂಶದ ಮುನ್ನಡೆ 400 ಜನರ ಸಮೀಕ್ಷೆಯದು. ಅದನ್ನು ಪುಸ್ತಕದಲ್ಲಿ "ಬಹುಶಃ ಮುಂದಿದ್ದಾರೆ" ಎಂದಷ್ಟೇ ಬರೆಯಬಹುದು.

ಒಳಗಿನ ಗುಂಪುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಯುವಕರೆಲ್ಲ ಇಂಥವರ ಕಡೆ ತಿರುಗಿದ್ದಾರೆ ಎಂಬ ಸುದ್ದಿ ಬಂದರೆ, ಆ 400ರಲ್ಲಿ ಯುವಕರು ಎಷ್ಟು ಜನ ಎಂದು ಕೇಳಿ. ಅರುವತ್ತು ಜನರಿದ್ದರೆ ದೋಷ ಹದಿಮೂರು ಅಂಶ. ಕಾರ್ಖಾನೆಯಲ್ಲಿ ಅಂಥ ವರದಿ ಬರೆದಿದ್ದರೆ ಮೇಲಧಿಕಾರಿ ನನ್ನ ಮುಖಕ್ಕೆ ಎಸೆಯುತ್ತಿದ್ದರು.

ಬೋಲ್ಟಿಗೂ ಮತದಾರನಿಗೂ ಇನ್ನೊಂದು ವ್ಯತ್ಯಾಸವಿದೆ. ಬೋಲ್ಟು ಫೋನು ಕತ್ತರಿಸುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರದ ದೂರವಾಣಿ ಸಮೀಕ್ಷೆಗಳಿಗೆ ಉತ್ತರಿಸುವವರ ಪ್ರಮಾಣ 1997ರಲ್ಲಿ ಶೇ 36 ಇತ್ತು. 2012ಕ್ಕೆ ಶೇ 9ಕ್ಕೆ, 2018ಕ್ಕೆ ಶೇ 6ಕ್ಕೆ ಇಳಿಯಿತು. ಉತ್ತರಿಸಿದ ಆರು ಜನ ಉತ್ತರಿಸದ ತೊಂಬತ್ತನಾಲ್ಕು ಜನರಂತೆಯೇ ಇದ್ದಾರೆ ಎಂದು ನಂಬಿ ಮುಂದಿನ ಲೆಕ್ಕವೆಲ್ಲ ನಡೆಯುತ್ತದೆ. ವಯಸ್ಸು, ಲಿಂಗ, ಊರು ನೋಡಿ ತೂಕ ಸರಿಪಡಿಸುತ್ತಾರೆ, ನಿಜ. ತಳದ ಕಾಳು ಕೈಗೇ ಬರದಿದ್ದರೆ ಯಾವ ತೂಕದಿಂದಲೂ ಪ್ರಯೋಜನವಿಲ್ಲ.

ಪ್ರಕಟವಾದ ದಿನ ಬಿಡಿ, ಕೇಳಿದ ದಿನ ನೋಡಿ

ಇದಕ್ಕೆ ನನ್ನ ಬಳಿ ಒಂದೇ ಉದಾಹರಣೆ, ಅದೇ ಸಾಕು. ಅಯೋವಾದ ಡೆ ಮೊಯ್ನ್ ರಿಜಿಸ್ಟರ್ ಪತ್ರಿಕೆ ಕಾಕಸ್‌ಗೆ (ಪ್ರೈಮರಿಯ ಬದಲು ಪಕ್ಷದವರು ಸಭೆ ಸೇರಿ ಮತ ಹಾಕುವ ಪದ್ಧತಿ) ಮುನ್ನ 2011ರ ಡಿಸೆಂಬರ್ 27ರಿಂದ 30ರವರೆಗೆ ಸಮೀಕ್ಷೆ ಮಾಡಿತು. ರಾಮ್ನಿ ಶೇ 24, ರಾನ್ ಪಾಲ್ ಶೇ 22, ಸ್ಯಾಂಟೊರಮ್ ಶೇ 15. ಮೂರನೆಯ ಸ್ಥಾನ, ಮುಗಿಯಿತು ಎನ್ನಬಹುದಾಗಿತ್ತು. ಆದರೆ ಆ ಪತ್ರಿಕೆಯವರು ಪ್ರಾಮಾಣಿಕರು. ಕೊನೆಯ ಎರಡು ದಿನಗಳ ಉತ್ತರಗಳನ್ನಷ್ಟೇ ತೆಗೆದರೆ ಸ್ಯಾಂಟೊರಮ್ ಶೇ 21ಕ್ಕೆ ಏರಿ ಎರಡನೆಯವರಾಗಿದ್ದಾರೆ ಎಂದೂ ಹೇಳಿದರು. ಹತ್ತರಲ್ಲಿ ನಾಲ್ವರು ಇನ್ನೂ ಮನಸ್ಸು ಬದಲಾಯಿಸಬಹುದು ಎಂದಿದ್ದರು. ಸ್ಯಾಂಟೊರಮ್ ಆ ರಾಜ್ಯದ 99 ಕೌಂಟಿಗಳನ್ನೂ (ನಮ್ಮ ಜಿಲ್ಲೆಗಳಂಥವು) ತಿರುಗಿದ್ದವರು. ನಾಲ್ಕು ದಿನದ ಸರಾಸರಿ ಹಳೆಯ ಗಾಳಿಯನ್ನೂ ಹೊಸ ಗಾಳಿಯನ್ನೂ ಒಂದೇ ಚೀಲಕ್ಕೆ ತುಂಬಿತ್ತು.

ಆದ್ದರಿಂದ ನನ್ನ ಪುಸ್ತಕದಲ್ಲಿ ಸಮೀಕ್ಷೆಯ ದಿನಾಂಕದ ಪಕ್ಕದಲ್ಲೇ ಇನ್ನೊಂದು ಸಾಲು: ಚರ್ಚೆ ಯಾವಾಗ, ಹಿಂದಿನ ರಾಜ್ಯದ ಫಲಿತಾಂಶ ಯಾವಾಗ, ಕಣದಿಂದ ಯಾರು ಯಾವಾಗ ಹೊರಗೆ ಹೋದರು.

ಹಾಗೆ ಬರೆದಿಟ್ಟುಕೊಂಡಿದ್ದರಿಂದ ಫೆಬ್ರುವರಿಯಲ್ಲಿ ನಾನು ಹೆಂಡತಿಯಷ್ಟು ನಗಲಿಲ್ಲ. ಫೆಬ್ರುವರಿ 7ರಂದು ಸ್ಯಾಂಟೊರಮ್ ಕೊಲೊರಾಡೊ, ಮಿನ್ನೆಸೋಟ, ಮಿಸ್ಸೂರಿ ಮೂರನ್ನೂ ಒಂದೇ ರಾತ್ರಿ ಗೆದ್ದಿದ್ದರು. ಆಮೇಲಿನ ಮಿಷಿಗನ್ ಸಮೀಕ್ಷೆಗಳಲ್ಲಿ ಅವರು ಮುಂದಿದ್ದುದು ಆ ರಾತ್ರಿಯ ಬಿಸಿ. ರಾಮ್ನಿಗೆ ಇದು ಹುಟ್ಟೂರು, ಅವರ ತಂದೆ ಜಾರ್ಜ್ ರಾಮ್ನಿ ಇಲ್ಲಿ ಗವರ್ನರ್ ಆಗಿದ್ದವರು. ಆದರೂ 2008ರ ಕೊನೆಯಲ್ಲಿ ಡೆಟ್ರಾಯಿಟ್ ದಿವಾಳಿಯಾಗಲಿ ಎಂಬ ತಲೆಬರಹದಡಿ ಬಂದ ಅವರ ಲೇಖನವನ್ನು ನಮ್ಮ ಕಾರ್ಖಾನೆಯಲ್ಲಿ ಯಾರೂ ಮರೆತಿರಲಿಲ್ಲ. ಪ್ರಚಾರಕ್ಕೆ ಬಂದ ರಾಮ್ನಿ ಇಲ್ಲಿನ ಮರಗಳ ಎತ್ತರ ಸರಿಯಾಗಿದೆ ಎಂದು ಹೊಗಳಿದರು. ಊಟದ ಬಿಡುವಿನಲ್ಲಿ ಒಂದು ವಾರ ನಾವು ಮರಗಳನ್ನೇ ಅಳೆದೆವು. 28ರಂದು ಎಣಿಸಿದಾಗ ರಾಮ್ನಿ ಶೇ 41, ಸ್ಯಾಂಟೊರಮ್ ಶೇ 38. ಬಿಸಿ ಮೂರು ವಾರದಲ್ಲಿ ಆರಿತ್ತು.

ನಾನು ಹನ್ನೆರಡು ಹೋಳಿಗೆ ಸೋತದ್ದು

ಇಷ್ಟೆಲ್ಲ ತಿಳಿದವನು 2016ರಲ್ಲಿ ಮಣ್ಣು ಮುಕ್ಕಿದೆ. ಮಾರ್ಚ್ 8ರ ಮಿಷಿಗನ್ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಸಮೀಕ್ಷೆಗಳ ಸರಾಸರಿಯಲ್ಲಿ ಇಪ್ಪತ್ತರಷ್ಟು ಅಂಶ ಮುಂದಿದ್ದರು. ನನ್ನ ವರ್ಗಮೂಲದ ಲೆಕ್ಕದಲ್ಲೂ ಅದು ಅಳ್ಳಾಡದ ಮುನ್ನಡೆ. ಕನ್ನಡ ಕೂಟದ ಗೆಳೆಯರೊಬ್ಬರೊಡನೆ ಹನ್ನೆರಡು ಹೋಳಿಗೆಯ ಪಣ ಕಟ್ಟಿದೆ. ಬರ್ನಿ ಸ್ಯಾಂಡರ್ಸ್ ಶೇ 49.7, ಕ್ಲಿಂಟನ್ ಶೇ 48.3. ಹೋಳಿಗೆ ತಟ್ಟಿದವಳು ನನ್ನ ಹೆಂಡತಿ, ಹೂರಣ ರುಬ್ಬಿದವನು ನಾನು.

ರುಬ್ಬುತ್ತಾ ಯೋಚಿಸಿದೆ. ವರ್ಗಮೂಲದ ಲೆಕ್ಕ ಹೇಳುವುದು ಆಕಸ್ಮಿಕ ದೋಷವನ್ನು ಮಾತ್ರ. ಕೊಳವೆ ಎಲ್ಲರದೂ ಚೀಲದ ಬಾಯಿಗೇ ಚುಚ್ಚುತ್ತಿದ್ದರೆ ಹತ್ತು ಸಮೀಕ್ಷೆಗಳ ಸರಾಸರಿಯೂ ಬಾಯಿಯ ಕಾಳನ್ನೇ ಹೇಳುತ್ತದೆ. ಯಂತ್ರದಿಂದ ತಾನೇ ಡಯಲ್ ಮಾಡಿ ಮೊಬೈಲ್‌ಗಳಿಗೆ ಕರೆ ಮಾಡುವುದಕ್ಕೆ ಇಲ್ಲಿ ಆಗ ಕಾನೂನಿನ ಅಡ್ಡಿಯಿತ್ತು, ಆದ್ದರಿಂದ ಅಗ್ಗದ ಸಮೀಕ್ಷೆಗಳು ಮನೆಯ ಫೋನುಗಳಿಗೇ ಬಂದವು. ಮನೆಯ ಫೋನು ಇಟ್ಟುಕೊಂಡವರು ನಮ್ಮಂಥ ಮುದುಕರು. ಸ್ಯಾಂಡರ್ಸ್ ಬಲವೆಲ್ಲ ಎಳೆಯರಲ್ಲಿತ್ತು. ಮಾರ್ಚ್ 6ರ ಭಾನುವಾರ ಫ್ಲಿಂಟ್‌ನಲ್ಲಿ ಚರ್ಚೆ ನಡೆಯಿತು, ಅದರ ನಂತರ ಜನರನ್ನು ಕೇಳಿದವರು ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಮಿಷಿಗನ್‌ನಲ್ಲಿ ಮತದಾರ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಳ್ಳುವುದೇ ಇಲ್ಲ. ಮತಗಟ್ಟೆಯಲ್ಲಿ ಯಾವ ಪಕ್ಷದ ಮತಪತ್ರ ಬೇಕೆಂದು ಹೇಳಿದರೆ ಅದನ್ನು ಕೊಡುತ್ತಾರೆ. ನಮ್ಮ ಬೀದಿಯ ಒಬ್ಬರು, ಹಿಲರಿ ಹೇಗೂ ಗೆಲ್ಲುತ್ತಾರೆ ಎಂದು ಸಮೀಕ್ಷೆಯನ್ನು ನಂಬಿ, ಟ್ರಂಪ್ ವಿರುದ್ಧ ಮತ ಹಾಕಲು ರಿಪಬ್ಲಿಕನ್ ಮತಪತ್ರ ತೆಗೆದುಕೊಂಡರು. ಸಮೀಕ್ಷೆಯೇ ಒಂದು ಮತವನ್ನು ಆಚೆಗೆ ಕಳಿಸಿತ್ತು.

ಹಿಂದಿನ ಸಲದ ಮಾದರಿಯೂ ಸಮೀಕ್ಷೆಗಾರರ ಕೈಗೆ ಸಿಗುತ್ತಿರಲಿಲ್ಲ. 2008ರಲ್ಲಿ ಮಿಷಿಗನ್ ಪಕ್ಷದ ನಿಯಮ ಮೀರಿ ಜನವರಿಯಲ್ಲೇ ಪ್ರೈಮರಿ ನಡೆಸಿತ್ತು, ಒಬಾಮ ತಮ್ಮ ಹೆಸರನ್ನೇ ಹಿಂತೆಗೆದುಕೊಂಡಿದ್ದರು. ಆ ವಿಚಿತ್ರ ಚುನಾವಣೆ ಯಾವ ಹೋಲಿಕೆಗೂ ಬರುವುದಿಲ್ಲ. ಆದ್ದರಿಂದ ಪ್ರತಿ ರಾಜ್ಯದ ಪುಟದ ಮೇಲ್ತುದಿಯಲ್ಲಿ ಬರೆದುಕೊಳ್ಳಿ: ಹೊರಗಿನವರೂ ಮತ ಹಾಕಬಹುದೇ, ಕಳೆದ ಸಲ ನಿಜವಾದ ಸ್ಪರ್ಧೆ ಇತ್ತೇ, ಡೆಲಿಗೇಟು ಹಂಚುವುದು ಹೇಗೆ.

ಆ ಕೊನೆಯದು ನನ್ನ ಗೆಳೆಯ ಹೋಳಿಗೆ ತಿನ್ನುವಾಗ ನಾನು ಎತ್ತಿದ ತಕರಾರು. ಮಿಷಿಗನ್‌ನಿಂದ ಸ್ಯಾಂಡರ್ಸ್‌ಗೆ 67 ಡೆಲಿಗೇಟು, ಕ್ಲಿಂಟನ್‌ಗೆ 63. ಅದೇ ದಿನ ಮಿಸಿಸಿಪ್ಪಿಯಲ್ಲಿ ಕ್ಲಿಂಟನ್‌ಗೆ 31, ಸ್ಯಾಂಡರ್ಸ್‌ಗೆ 5. ದೇಶವೆಲ್ಲ ಸ್ಯಾಂಡರ್ಸ್ ಎಂದು ಕೂಗಿದ ರಾತ್ರಿ ಕ್ಲಿಂಟನ್ 22 ಡೆಲಿಗೇಟುಗಳಷ್ಟು ಇನ್ನೂ ಮುಂದೆ ಹೋಗಿ ಮಲಗಿದರು. ಗೆಳೆಯ ಒಪ್ಪಿದ, ಹೋಳಿಗೆ ವಾಪಸ್ ಕೊಡಲಿಲ್ಲ.

ಕೋಪವನ್ನು ಶೇಕಡಾದಲ್ಲಿ ಅಳೆಯಬೇಡಿ, ತಲೆ ಎಣಿಸಿ

ಮಿಷಿಗನ್‌ನ ಪ್ರೈಮರಿ ಮತಪತ್ರದಲ್ಲಿ ಹೆಸರುಗಳ ಕೆಳಗೆ "ಅನ್‌ಕಮಿಟೆಡ್" ಎಂಬ ಒಂದು ಸಾಲು ಇರುತ್ತದೆ. ಯಾರಿಗೂ ಬದ್ಧನಲ್ಲ ಎಂದರ್ಥ. ನಮ್ಮ ನೋಟಾದ ನೆಂಟ ಎಂದುಕೊಳ್ಳಬಹುದು, ಆದರೆ ಹಲ್ಲಿರುವ ನೆಂಟ. ಡೆಮಾಕ್ರಟಿಕ್ ಪಕ್ಷದಲ್ಲಿ ಈ ಸಾಲಿಗೆ ರಾಜ್ಯದಲ್ಲೋ ಒಂದು ಸಂಸತ್ ಕ್ಷೇತ್ರದಲ್ಲೋ ಶೇ 15 ಬಂದರೆ ಅದಕ್ಕೂ ಡೆಲಿಗೇಟು ಸಿಗುತ್ತದೆ. 2008ರಲ್ಲಿ ಒಬಾಮ ಹೆಸರಿಲ್ಲದ ಆ ಮತಪತ್ರದಲ್ಲಿ ಕ್ಲಿಂಟನ್‌ಗೆ ಶೇ 55, ಈ ಸಾಲಿಗೆ ಶೇ 40 ಬಿತ್ತು.

2024ರ ಫೆಬ್ರುವರಿ 27ರ ಪ್ರೈಮರಿಗೆ ಮುನ್ನ ಗಾಜಾ ಯುದ್ಧದ ವಿಷಯದಲ್ಲಿ ಬೈಡನ್ ಮೇಲೆ ಸಿಟ್ಟಾದವರು ಈ ಸಾಲನ್ನೇ ತುಂಬಿರಿ ಎಂದು ಮನೆಮನೆಗೆ ಪ್ರಚಾರ ಮಾಡಿದರು. ಬಂದದ್ದು ಶೇ 13ರಷ್ಟು. ಮರುದಿನ ಟಿ.ವಿ.ಯಲ್ಲಿ ಒಬ್ಬರು, 2012ರಲ್ಲಿ ಒಬಾಮ ಎದುರೂ ಶೇ 11ರ ಹತ್ತಿರ ಬಿದ್ದಿತ್ತಲ್ಲ, ಇದೇನು ಮಹಾ ಎಂದರು. ನಾನು ಪುಸ್ತಕ ತೆರೆದೆ. 2012ರ ಶೇ 11 ಎಂದರೆ ಸುಮಾರು 21,000 ಮತ. 2024ರ ಶೇ 13 ಎಂದರೆ ಒಂದು ಲಕ್ಷಕ್ಕೂ ಹೆಚ್ಚು. ಸ್ಪರ್ಧೆಯೇ ಇಲ್ಲದ ಪ್ರೈಮರಿಗೆ ಚಳಿಯಲ್ಲಿ ಹೊರಟು ಬಂದು ಯಾರೂ ಬೇಡ ಎಂದು ಬರೆದು ಹೋದವರು ಐದು ಪಟ್ಟು ಹೆಚ್ಚಿದ್ದರು. ಡಿಯರ್‌ಬಾರ್ನ್ ಊರಿನಲ್ಲಿ ಈ ಸಾಲಿಗೆ ಬೈಡನ್‌ಗಿಂತ ಹೆಚ್ಚು ಮತ ಬಿತ್ತು. ರಾಜ್ಯದ ಸರಾಸರಿ ನೋಡಿದವರಿಗೆ ಡಿಯರ್‌ಬಾರ್ನ್ ಕಾಣುವುದಿಲ್ಲ. ಅದು ಚೀಲದ ತಳ.

ಅಂಚೆ ಮತದ ಬಗ್ಗೆ ಒಂದು ಮಾತು. 2020ರ ಮಾರ್ಚ್ 10ರ ಡೆಮಾಕ್ರಟಿಕ್ ಪ್ರೈಮರಿಗೆ ನನ್ನ ಹೆಂಡತಿ ಮುಂಚೆಯೇ ಅಂಚೆ ಮತಪತ್ರ ತರಿಸಿ, ಕಪ್ಪು ಪೆನ್ನಿನಿಂದ ದುಂಡನೆಯ ಜಾಗ ತುಂಬಿ ಕಳಿಸಿದ್ದಳು. ಮಾರ್ಚ್ 1ಕ್ಕೆ ಪೀಟ್ ಬುಟಿಜೆಜ್, 2ಕ್ಕೆ ಏಮಿ ಕ್ಲೋಬುಚಾರ್, 4ಕ್ಕೆ ಬ್ಲೂಮ್‌ಬರ್ಗ್, 5ಕ್ಕೆ ಎಲಿಜಬೆತ್ ವಾರನ್ ಹೀಗೆ ಒಬ್ಬೊಬ್ಬರಾಗಿ ಕಣ ಬಿಟ್ಟರು. ಅವಳು ಮತ ಕೊಟ್ಟವರೂ ಅವರಲ್ಲಿ ಒಬ್ಬರು, ಯಾರೆಂದು ನನಗೂ ಹೇಳಿಲ್ಲ. ನಮ್ಮ ರಾಜ್ಯದಲ್ಲಿ ಆ ಮತಪತ್ರವನ್ನು ರದ್ದು ಮಾಡಿಸಿ ಹೊಸದು ಪಡೆಯಲು ಅವಕಾಶವಿತ್ತು. ಅರ್ಜಿ ಬರೆದು ಕ್ಲರ್ಕ್ ಕಚೇರಿಗೆ ಹೋಗಿ ಬಂದಳು. ನೀವು ಇಲ್ಲಿ ಮತ ಹಾಕುವವರಾಗಿದ್ದರೆ, ಕಣ ತುಂಬಿರುವಾಗ ಅಂಚೆಗೆ ಆತುರ ಬೇಡ. ದೂರದಿಂದ ನೋಡುವವರಾಗಿದ್ದರೆ, ಕಣ ಬಿಟ್ಟವರಿಗೂ ಫಲಿತಾಂಶದಲ್ಲಿ ಸಾವಿರಾರು ಮತ ಇರುವುದನ್ನು ಕಂಡು ಬೆಚ್ಚಬೇಡಿ.

ಫಲಿತಾಂಶದ ರಾತ್ರಿ

ಪೆನ್ಸಿಲ್ ಈಗ ಬೇಕು. ಮಿಷಿಗನ್‌ನ ವಾಯವ್ಯ ಅಂಚಿನ ನಾಲ್ಕು ಕೌಂಟಿಗಳ ಗಡಿಯಾರ ನಮಗಿಂತ ಒಂದು ಗಂಟೆ ಹಿಂದಿದೆ. ಎಂಟಕ್ಕೆ ನಮ್ಮ ಮತಗಟ್ಟೆ ಮುಚ್ಚಿದರೂ ಅಲ್ಲಿನವು ತೆರೆದಿರುತ್ತವೆ, ಆದ್ದರಿಂದ ಒಂಬತ್ತರವರೆಗೆ ಯಾರೂ ಗೆದ್ದವರ ಹೆಸರು ಹೇಳುವುದಿಲ್ಲ. ಅಷ್ಟರಲ್ಲಿ ಊಟ ಮುಗಿಸಿಕೊಳ್ಳಿ. ಮೊದಲು ಬರುವ ಎಣಿಕೆ ಯಾವ ಕೌಂಟಿಯದು ಎಂದು ನೋಡಿ ಬರೆಯಿರಿ.

2012ರ ಜನವರಿ 3ರ ರಾತ್ರಿ ಅಯೋವಾ ಕಾಕಸ್ ಎಣಿಕೆಯನ್ನು ನೋಡುತ್ತಾ ನಾನೂ ಎಚ್ಚರವಿದ್ದೆ. ರಾಮ್ನಿ ಎಂಟು ಮತಗಳಿಂದ ಗೆದ್ದರು ಎಂದು ಘೋಷಿಸಿದರು. ಅವರು ಆ ಗೆಲುವನ್ನು ಹೊತ್ತುಕೊಂಡು ಮುಂದಿನ ರಾಜ್ಯಕ್ಕೆ ಹೋದರು, ಅಲ್ಲೂ ಗೆದ್ದರು. ಎರಡು ವಾರ ಕಳೆದ ಮೇಲೆ ಅಧಿಕೃತ ಪಟ್ಟಿ ಬಂತು: ಸ್ಯಾಂಟೊರಮ್ 29,839, ರಾಮ್ನಿ 29,805. ನನ್ನ ಪುಸ್ತಕದ ಆ ಪುಟದಲ್ಲಿ ರಾಮ್ನಿಯ ಹೆಸರನ್ನೂ 8 ಎಂಬುದನ್ನೂ ಅಳಿಸಿ ಸ್ಯಾಂಟೊರಮ್, 34 ಎಂದು ಬರೆದಿದ್ದೇನೆ. ಅದರ ಕೆಳಗೆ ಇನ್ನೊಂದು ಸಾಲು: ಎಂಟು ಮತಗಟ್ಟೆಗಳ ಲೆಕ್ಕ ಸಿಗಲೇ ಇಲ್ಲ.